ಒಂದೇ ಕೈಗೆ ಸಿಗುವ ಒಳ್ಳೆಯ ಫೋನ್ ಬೇಕೇ? ಇಂಚು ಬಿಡಿ, ಮಿಲಿಮೀಟರ್ ನೋಡಿ

“ನನ್ನ ಐಫೋನ್ ಮಿನಿಗೆ ವಯಸ್ಸಾಯ್ತು, ಅಷ್ಟೇ ಚಿಕ್ಕದು ಇನ್ನೊಂದು ಯಾವುದಿದೆ?” ಎಂದು ಕೇಳುವವರಿಗೆ ಸುತ್ತುಬಳಸಿ ಹೇಳಿ ಪ್ರಯೋಜನವಿಲ್ಲ. ಹೊಸದಾಗಿ ಅಂಗಡಿಯಲ್ಲಿ ಸಿಗುವ ದೊಡ್ಡ ಕಂಪನಿಗಳ ಫೋನ್‌ಗಳಲ್ಲಿ ಅಷ್ಟು ಚಿಕ್ಕದು, ಅಷ್ಟು ಒಳ್ಳೆಯದು ಯಾವುದೂ ಇಲ್ಲ. 2023ರ ಸೆಪ್ಟೆಂಬರ್‌ನಲ್ಲಿ ಆಪಲ್ ಐಫೋನ್ 13 ಮಿನಿಯನ್ನು ಪಟ್ಟಿಯಿಂದ ತೆಗೆಯಿತು. 5.9 ಇಂಚಿಗೆ ಹಟ ಹಿಡಿದು ಕೂತಿದ್ದ ಆಸುಸ್ ಝೆನ್‌ಫೋನ್ 10 ಬಂದದ್ದೂ ಅದೇ ವರ್ಷ. ಮರುವರ್ಷ ಅದೇ ಹೆಸರಿನ ಮುಂದಿನ ಫೋನ್ 6.78 ಇಂಚಿನ ‘ಅಲ್ಟ್ರಾ’ ಆಗಿ ಬಂತು. ಸೋನಿಯ ‘ಕಾಂಪ್ಯಾಕ್ಟ್’ಗಳು 2018ಕ್ಕೇ ನಿಂತಿದ್ದವು. 2025ರ ಫೆಬ್ರವರಿಯಲ್ಲಿ 4.7 ಇಂಚಿನ ಐಫೋನ್ ಎಸ್‌ಇ ಕೂಡ ಹೋಗಿ, ಅದರ ಜಾಗದಲ್ಲಿ 6.1 ಇಂಚಿನ 16ಇ ಕೂತಿತು.

ಹಾಗಾಗಿ ಈಗ ಕೇಳಿಕೊಳ್ಳಬೇಕಾದದ್ದು ಬೇರೆ: ಇರುವುದರಲ್ಲಿ ಯಾವುದು ನಿಮ್ಮ ಕೈಗೆ ಹತ್ತಿರ, ಅದನ್ನು ಪಡೆಯಲು ಏನನ್ನು ಬಿಡಲು ನೀವು ತಯಾರಿದ್ದೀರಿ?

ಅಳೆಯುವುದು ಯಾವುದನ್ನು?

ಜಾಹೀರಾತಿನಲ್ಲಿ ದಪ್ಪಕ್ಷರದಲ್ಲಿರುವ ಇಂಚಿನ ಲೆಕ್ಕವನ್ನು ಮೊದಲು ಮರೆತುಬಿಡಿ. ಅದು ಪರದೆಯ ಮೂಲೆಯಿಂದ ಮೂಲೆಗಿನ ಅಳತೆ, ಫೋನಿನ ಗಾತ್ರದ ಬಗ್ಗೆ ಅದು ಹೇಳುವುದು ಅಷ್ಟಕ್ಕಷ್ಟೇ. ಐಫೋನ್ ಎಸ್‌ಇಗೆ 4.7 ಇಂಚಿನ ಪರದೆ, 13 ಮಿನಿಗೆ 5.4 ಇಂಚಿನದು. ಆದರೆ ಎಸ್‌ಇಯ ಅಗಲ 67.3 ಮಿ.ಮೀ., ಮಿನಿಯದು 64.2. ಪರದೆ ದೊಡ್ಡದಾದದ್ದೇ ಚಿಕ್ಕ ಫೋನ್! ಮೇಲೆ ಕೆಳಗೆ ಇದ್ದ ಕಪ್ಪು ಪಟ್ಟಿ ಹೋಗಿ, ಪರದೆ ಉದ್ದಕ್ಕೆ ಬೆಳೆದದ್ದರಿಂದ ಹೀಗಾಯಿತು. 2019ರ ಗ್ಯಾಲಕ್ಸಿ ಎಸ್10ಇಗೆ 5.8 ಇಂಚು, 2025ರ ಎಸ್25ಕ್ಕೆ 6.2 ಇಂಚು. ಅಗಲದಲ್ಲಿ ಇವೆರಡರ ನಡುವಿನ ವ್ಯತ್ಯಾಸ ಒಂದು ಮಿಲಿಮೀಟರ್ ಕೂಡ ಇಲ್ಲ.

ಒಂದೇ ಕೈಯಲ್ಲಿ ಬಳಸಬಹುದೋ ಇಲ್ಲವೋ ಎಂಬುದನ್ನು ತೀರ್ಮಾನಿಸುವುದು ಮೊದಲಿಗೆ ಅಗಲ. ಅಂಗೈ ಫೋನನ್ನು ತಬ್ಬಿ ಹಿಡಿಯುವುದು, ಹೆಬ್ಬೆರಳು ಆ ಕಡೆಯ ಅಂಚು ಮುಟ್ಟುವುದು ಎರಡೂ ಅದರ ಮೇಲೆ ನಿಂತಿವೆ. ಮನೆಯಲ್ಲೇ ಒಂದು ಅಳತೆಗೋಲಿದೆ, ನಿಮ್ಮ ಎಟಿಎಂ ಕಾರ್ಡ್. ಅದು 54 ಮಿ.ಮೀ. ಅಗಲ, 85.6 ಮಿ.ಮೀ. ಉದ್ದ. 2012ರ ಐಫೋನ್ 5 ಅದಕ್ಕಿಂತ ಸುಮಾರು ನಾಲ್ಕೂವರೆ ಮಿ.ಮೀ. ಮಾತ್ರ ಅಗಲವಿತ್ತು. 13 ಮಿನಿ ಒಂದು ಸೆಂಟಿಮೀಟರ್ ಹೆಚ್ಚು. ಇವತ್ತು ‘ಕಾಂಪ್ಯಾಕ್ಟ್’ ಎಂದು ಮಾರುವವು ಒಂದೂಮುಕ್ಕಾಲು ಸೆಂಟಿಮೀಟರ್‌ನ ಆಸುಪಾಸು ಹೆಚ್ಚು. ಐಫೋನ್ 17 ಪ್ರೊ ಮ್ಯಾಕ್ಸ್ ಎರಡು ಸೆಂಟಿಮೀಟರ್ ದಾಟಿ 78 ಮಿ.ಮೀ.ಗೆ ಹೋಗಿದೆ.

ಎರಡನೆಯದು ತೂಕ. ರಾತ್ರಿ ಮಲಗಿ ಓದುವಾಗ ಕಿರುಬೆರಳಿನ ಮೇಲೆ ಬೀಳುವ ಭಾರ ಇದು. ಅಂಗಿಯ ಎದೆಜೇಬಿನಲ್ಲಿಟ್ಟು ಬಗ್ಗಿದಾಗ ಫೋನ್ ಜಾರಿ ಬೀಳಿಸುವುದೂ ಇದೇ. ಮೂರನೆಯದು ಬ್ಯಾಟರಿ, ಮಿನಿಗಳು ಸೋತದ್ದು ಇಲ್ಲಿ. ನಾಲ್ಕನೆಯದು ಎಷ್ಟು ವರ್ಷ ಸಾಫ್ಟ್‌ವೇರ್ ಅಪ್‌ಡೇಟ್ ಬರುತ್ತದೆ ಎಂಬುದು. ಮುಂದೆ ಇನ್ನೂ ಚಿಕ್ಕದು ಬರುವ ಲಕ್ಷಣವಿಲ್ಲದ್ದರಿಂದ ಈಗ ಕೊಂಡದ್ದನ್ನು ಐದಾರು ವರ್ಷ ಬಾಳಿಸಬೇಕಾಗುತ್ತದೆ, ಹಾಗಾಗಿ ಇದನ್ನು ಕಡೆಗಣಿಸುವಂತಿಲ್ಲ. ಕ್ಯಾಮೆರಾ, ಬೆಲೆ ಆಮೇಲೆ.

ಕನ್ನಡಿಗರು ಇನ್ನೊಂದನ್ನು ಸೇರಿಸಿಕೊಳ್ಳಬೇಕು. ನೀವು ಇನ್‌ಸ್ಕ್ರಿಪ್ಟ್‌ನಂಥ ಪೂರ್ತಿ ಕನ್ನಡ ಕೀಲಿಮಣೆ ಬಳಸುವವರಾದರೆ ಒಂದು ಸಾಲಿನಲ್ಲಿ ಇಂಗ್ಲಿಷಿಗಿಂತ ಹೆಚ್ಚು ಕೀಲಿಗಳಿರುತ್ತವೆ. ಅಗಲ ಕಡಿಮೆಯಾದಂತೆ ಒಂದೊಂದು ಕೀಲಿಯೂ ಸಣಕಲಾಗುತ್ತದೆ. ಇಂಗ್ಲಿಷ್ ಅಕ್ಷರದಲ್ಲಿ ಹೊಡೆದು ಕನ್ನಡ ಪಡೆಯುವವರಿಗೆ ಈ ತಕರಾರಿಲ್ಲ. ಚಾಳೀಸು ಬಂದವರ ಕಥೆ ಬೇರೆ: ಅಕ್ಷರ ದೊಡ್ಡದು ಮಾಡಿಕೊಂಡರೆ ಚಿಕ್ಕ ಪರದೆಯಲ್ಲಿ ವಾಟ್ಸಾಪಿನ ಒಂದು ಸಂದೇಶ ಓದಿ ಮುಗಿಸಲು ಎರಡು ಸಲ ಸರಿಸಬೇಕು. ಅಂಥವರಿಗೆ ಚಿಕ್ಕ ಫೋನ್ ಕೊಡಿಸುವುದು ಉಪಕಾರವಲ್ಲ.

ಇಷ್ಟಕ್ಕೂ ಇವು ಮಾಯವಾದದ್ದೇಕೆ?

2011ರಲ್ಲಿ 5.3 ಇಂಚಿನ ಗ್ಯಾಲಕ್ಸಿ ನೋಟ್ ಬಂದಾಗ ಅದನ್ನು ಕಿವಿಗಿಟ್ಟುಕೊಳ್ಳುವವರನ್ನು ನೋಡಿ ನಗುತ್ತಿದ್ದರು. ಮೂರೇ ವರ್ಷಕ್ಕೆ ಆಪಲ್ಲೇ 5.5 ಇಂಚಿನ 6 ಪ್ಲಸ್ ತಂದಿತು. ಚಿಕ್ಕದು ಬೇಕು ಎನ್ನುವ ದನಿ ಆಮೇಲೂ ಜೋರಾಗಿಯೇ ಇತ್ತು. ಪೆಬಲ್ ಸ್ಮಾರ್ಟ್‌ವಾಚ್ ಕಂಪನಿ ಹುಟ್ಟುಹಾಕಿದ ಎರಿಕ್ ಮಿಗಿಕೋವ್‌ಸ್ಕಿ 2022ರಲ್ಲಿ ಆರಿಂಚಿಗಿಂತ ಚಿಕ್ಕದಾದ, ಒಳ್ಳೆಯ ಕ್ಯಾಮೆರಾ ಇರುವ ಆಂಡ್ರಾಯ್ಡ್ ಫೋನಿಗಾಗಿ ಸಹಿ ಸಂಗ್ರಹಕ್ಕೇ ಇಳಿದರು. ಸಹಿಗಳು ಬಿದ್ದವು, ಫೋನ್ ಬರಲಿಲ್ಲ.

ಮೊದಲ ಮಿನಿಯಾದ ಐಫೋನ್ 12 ಮಿನಿಯ ಗ್ರಹಗತಿಯೂ ನೆಟ್ಟಗಿರಲಿಲ್ಲ. ಅದು ಬರುವ ಕೆಲವೇ ತಿಂಗಳ ಮೊದಲು, 2020ರ ಏಪ್ರಿಲ್‌ನಲ್ಲಿ, ಆಪಲ್ಲೇ ಅಗ್ಗದ ಎಸ್‌ಇ ಬಿಟ್ಟಿತ್ತು. ಚಿಕ್ಕದಕ್ಕೆ ಕಾದಿದ್ದವರಲ್ಲಿ ಹಲವರು ಅದನ್ನೇ ಕೊಂಡು ಕೂತಿದ್ದರು. ಮೇಲಿಂದ ಕೊರೊನಾ, ಮನೆಯಲ್ಲೇ ಇರುವವರಿಗೆ ಜೇಬಿನ ಚಿಂತೆ ಏಕೆ? ಬ್ಯಾಟರಿಯೂ ಸಂಜೆಯವರೆಗೆ ಎಳೆಯುತ್ತಿರಲಿಲ್ಲ. ನಮ್ಮಲ್ಲಿ ಕಾರಣ ಇನ್ನೂ ಸರಳ. ಬಹಳ ಮನೆಗಳಲ್ಲಿ ಫೋನೇ ಟೀವಿ, ಫೋನೇ ಕಂಪ್ಯೂಟರ್. 69,900 ರೂಪಾಯಿ ಕೊಟ್ಟು ಇದ್ದುದರಲ್ಲೇ ಚಿಕ್ಕ ಪರದೆ ಕೊಳ್ಳಿ ಎಂದರೆ ಎಷ್ಟು ಮಂದಿ ಒಪ್ಪಿಯಾರು?

“ಚಿಕ್ಕ ಫೋನಿನಲ್ಲಿ ದೊಡ್ಡ ಬ್ಯಾಟರಿ ಹಿಡಿಸುವುದಿಲ್ಲ” ಎಂಬ ಸಬೂಬು ಮಾತ್ರ ಈಗ ನಡೆಯದು. ಅದು ಹೇಗೆ ಎಂದು ಚೀನಾದ ಫೋನ್‌ಗಳ ಹತ್ತಿರ ಬಂದಾಗ ನೋಡೋಣ.

ಒಂದೊಂದಾಗಿ ತೂಗೋಣ

ಅಗಲವೇ ಮುಖ್ಯ ಎನ್ನುವವರಿಗೆ, ಆಂಡ್ರಾಯ್ಡ್ ಬೇಕಿದ್ದರೆ, ಸ್ಯಾಮ್‌ಸಂಗ್ ಗ್ಯಾಲಕ್ಸಿ ಎಸ್25 ಮೊದಲ ಆಯ್ಕೆ. 70.5 ಮಿ.ಮೀ. ಅಗಲ, 7.2 ದಪ್ಪ, 162 ಗ್ರಾಂ. ಇಲ್ಲಿ ಹೋಲಿಸುತ್ತಿರುವ ಹೊಸ ಫೋನ್‌ಗಳಲ್ಲೆಲ್ಲ ಅತಿ ಕಡಿಮೆ ಅಗಲ, ಅತಿ ಹಗುರ ಇದೇ. ಮಿನಿಗಿಂತ 21 ಗ್ರಾಂ ಮಾತ್ರ ಹೆಚ್ಚು. ಮೂರು ಪಟ್ಟು ಜೂಮ್ ಮಾಡುವ ಟೆಲಿಫೋಟೊ ಕ್ಯಾಮೆರಾ, ಅಗಲದ ನೋಟ ಹಿಡಿಯುವ ಅಲ್ಟ್ರಾವೈಡ್ ಕ್ಯಾಮೆರಾ, ವೈರ್‌ಲೆಸ್ ಚಾರ್ಜಿಂಗ್ ಎಲ್ಲ ಇವೆ. ಏಳು ವರ್ಷದ ಅಪ್‌ಡೇಟ್ ಕೊಡುವುದಾಗಿ ಕಂಪನಿ ಹೇಳಿದೆ. ಹಿಂದಿನ ಎಸ್24ರಲ್ಲಿ ಭಾರತಕ್ಕೆ ಸ್ಯಾಮ್‌ಸಂಗ್‌ನದೇ ಎಕ್ಸಿನೋಸ್ ಚಿಪ್ ಕೊಟ್ಟಿದ್ದರು, ಇದರಲ್ಲಿ ನಮಗೂ ಕ್ವಾಲ್ಕಾಮ್‌ನ ವೇಗದ ಚಿಪ್ ಸ್ನ್ಯಾಪ್‌ಡ್ರ್ಯಾಗನ್ 8 ಎಲೀಟ್. ಕೊರತೆ ಬ್ಯಾಟರಿಯದು: 4,000 ಎಂಎಎಚ್, ಚಾರ್ಜಿಂಗ್ ವೇಗ 25 ವ್ಯಾಟ್. ಆಫೀಸಿನಲ್ಲಿ ಮೇಜಿನ ಮೇಲೆ ಚಾರ್ಜರ್ ಇರುವವರಿಗೆ ಸಾಕು. ಬೆಳಗ್ಗೆ ಏಳಕ್ಕೆ ಮನೆ ಬಿಟ್ಟು, ಬಸ್ಸಿನಲ್ಲಿ ಎರಡು ತಾಸು ವೀಡಿಯೊ ನೋಡಿ, ದಿನವಿಡೀ ಮ್ಯಾಪ್ ಹಾಕಿಕೊಂಡು ಓಡಾಡುವವರಿಗೆ ಸಂಜೆ ಪವರ್ ಬ್ಯಾಂಕ್ ಬೇಕಾಗಬಹುದು. ಬಿಡುಗಡೆಯ ಬೆಲೆ 80,999 ರೂಪಾಯಿ. ಸ್ಯಾಮ್‌ಸಂಗ್‌ನ ಬೆಲೆ ಹಬ್ಬದ ಸೇಲ್‌ಗಳಲ್ಲಿ ಚೆನ್ನಾಗಿ ಇಳಿಯುವಂಥದ್ದು, ಅವಸರವಿಲ್ಲದಿದ್ದರೆ ಕಾಯಿರಿ.

ಐಫೋನ್ ಬಿಟ್ಟು ಹೋಗಲಾರೆ ಎನ್ನುವವರಿಗೆ ಐಫೋನ್ 17. ಅಗಲ 71.5, ತೂಕ 177 ಗ್ರಾಂ, ಬಿಡುಗಡೆಯ ಬೆಲೆ 256 ಜಿಬಿಗೆ 82,900 ರೂಪಾಯಿ. ಮಿನಿಯಿಂದ ಬರುವವರಿಗೆ ಮೊದಲ ವಾರ ಕೈಗೆ ಇಟ್ಟಿಗೆ ಸಿಕ್ಕಂತಾಗುತ್ತದೆ. ಅದಕ್ಕೆ ಪ್ರತಿಯಾಗಿ ಸಿಗುವುದೂ ಕಡಿಮೆಯಲ್ಲ: ಆಪಲ್‌ನ ಲೆಕ್ಕದಲ್ಲಿ 13 ಮಿನಿ ಸತತ 17 ಗಂಟೆ ವೀಡಿಯೊ ಓಡಿಸಿದರೆ ಇದು 30 ಗಂಟೆ. ಪ್ರೊ ಅಲ್ಲದ ಐಫೋನ್‌ಗಳಿಗೆ ವರ್ಷಗಟ್ಟಲೆ ಕೊಡದೆ ಸತಾಯಿಸಿದ್ದ 120 ಹರ್ಟ್ಸ್ (ಸೆಕೆಂಡಿಗೆ 120 ಸಲ ಚಿತ್ರ ಬದಲಿಸುವ) ಪರದೆಯೂ ಇದರಲ್ಲಿ ಬಂದಿದೆ. ಟೆಲಿಫೋಟೊ ಇಲ್ಲ. 59,900ಕ್ಕೆ ಬಂದ 16ಇ ಹತ್ತು ಗ್ರಾಂ ಹಗುರ, ಆದರೆ ಅಗಲ ಅಷ್ಟೇ. ಹಿಂದೆ ಒಂದೇ ಕ್ಯಾಮೆರಾ, 60 ಹರ್ಟ್ಸ್ ಪರದೆ, ಚಾರ್ಜರನ್ನು ಬೆನ್ನಿಗೆ ಅಂಟಿಸುವ ಅಯಸ್ಕಾಂತ (ಮ್ಯಾಗ್‌ಸೇಫ್) ಇಲ್ಲ. ಚಿಕ್ಕದೆಂದು ಅದನ್ನು ಕೊಳ್ಳಬೇಡಿ, ಅದು ಚಿಕ್ಕದಲ್ಲ. ಬೆಲೆ ಕಡಿಮೆ ಎಂದು ಕೊಳ್ಳುವುದಾದರೆ ಕೊಳ್ಳಿ.

ಈಗ ದೊಡ್ಡ ಬ್ಯಾಟರಿ ಹಿಡಿಸುವುದಿಲ್ಲ ಎಂಬ ಆ ಸಬೂಬಿನ ವಿಷಯ. 2025ರಲ್ಲಿ ಭಾರತಕ್ಕೆ 54,999 ರೂಪಾಯಿಯಿಂದ ಶುರುವಾದ ಎರಡು ಚೀನೀ ಫೋನ್ ಬಂದವು: ಜೂನ್‌ನಲ್ಲಿ ಒನ್‌ಪ್ಲಸ್ 13ಎಸ್, ಜುಲೈನಲ್ಲಿ ವಿವೋ ಎಕ್ಸ್200 ಎಫ್‌ಇ. ಎರಡರ ಅಗಲವೂ 72ರೊಳಗೆ, ದಪ್ಪ ಸುಮಾರು 8 ಮಿ.ಮೀ., ತೂಕ 185 ಗ್ರಾಂ ಆಸುಪಾಸು. ಬ್ಯಾಟರಿ ಮಾತ್ರ ಒಂದರಲ್ಲಿ 5,850, ಇನ್ನೊಂದರಲ್ಲಿ 6,500 ಎಂಎಎಚ್. ಎಸ್25ಕ್ಕಿಂತ ಒಂದೂಮುಕ್ಕಾಲು ಮಿ.ಮೀ.ನಷ್ಟೂ ಅಗಲವಾಗದ ದೇಹದಲ್ಲಿ ಸುಮಾರು ಒಂದೂವರೆ ಪಟ್ಟು! ಇದು ಸಿಲಿಕಾನ್-ಕಾರ್ಬನ್ ಬ್ಯಾಟರಿಯ ಕೈಚಳಕ. ಮಾಮೂಲಿ ಬ್ಯಾಟರಿಯ ಒಂದು ಧ್ರುವದಲ್ಲಿ ಗ್ರಾಫೈಟ್ ಇರುತ್ತದೆ. ಸಿಲಿಕಾನ್ ಅಷ್ಟೇ ಜಾಗದಲ್ಲಿ ಅದಕ್ಕಿಂತ ಬಹಳ ಹೆಚ್ಚು ಲಿಥಿಯಂ ಹಿಡಿದಿಟ್ಟುಕೊಳ್ಳುತ್ತದೆ, ಆದರೆ ಚಾರ್ಜ್ ಆಗುವಾಗ ಉಬ್ಬುತ್ತದೆ. ಆ ಉಬ್ಬನ್ನು ತಡೆದುಕೊಳ್ಳಲು ಕಾರ್ಬನ್ ಬೆರೆಸುತ್ತಾರೆ. ಇದೇ ಬ್ಯಾಟರಿಯನ್ನು 64 ಮಿ.ಮೀ. ಅಗಲದ ಫೋನಿಗೆ ಹಾಕಿದರೆ ಮಿನಿಯ ದೊಡ್ಡ ದೋಷ ಅರ್ಧಕ್ಕರ್ಧ ತೀರುತ್ತದೆ. ಹಾಕುತ್ತಿಲ್ಲ ಎಂದಮೇಲೆ ತಡೆ ಇರುವುದು ತಂತ್ರಜ್ಞಾನದಲ್ಲಲ್ಲ, ಮಾರಾಟದ ಲೆಕ್ಕದಲ್ಲಿ.

ಎರಡರಲ್ಲಿ ಯಾವುದು? ಒನ್‌ಪ್ಲಸ್‌ನಲ್ಲಿ ಎಸ್25ರಲ್ಲಿರುವ ದರ್ಜೆಯದೇ ಸ್ನ್ಯಾಪ್‌ಡ್ರ್ಯಾಗನ್ 8 ಎಲೀಟ್, ಆದರೆ ಅಲ್ಟ್ರಾವೈಡ್ ಕ್ಯಾಮೆರಾ ಇಲ್ಲ. ಮದುವೆ ಮನೆಯಲ್ಲಿ ಇಡೀ ಬಳಗವನ್ನು ಒಂದೇ ಫೋಟೊದಲ್ಲಿ ಕೂರಿಸಬೇಕಾದಾಗ ಹಿಂದೆ ಗೋಡೆ ತಾಗುವವರೆಗೆ ಸರಿಯಬೇಕು. ವಿವೋದಲ್ಲಿ ಅಲ್ಟ್ರಾವೈಡೂ ಇದೆ, ಮೂರು ಪಟ್ಟಿನ ಟೆಲಿಫೋಟೊ ಕೂಡ. ನೀರು-ದೂಳಿನ ರಕ್ಷಣೆಯಲ್ಲೂ ಅದಕ್ಕೆ ಐಪಿ68, ಒನ್‌ಪ್ಲಸ್‌ಗೆ ಐಪಿ65. ಆಟ ಆಡುವವರಿಗೆ ಒನ್‌ಪ್ಲಸ್, ಫೋಟೊ ತೆಗೆಯುವವರಿಗೆ ವಿವೋ. ಎರಡರಲ್ಲೂ ವೈರ್‌ಲೆಸ್ ಚಾರ್ಜಿಂಗ್ ಇಲ್ಲ, ಹೊಸ ಆಂಡ್ರಾಯ್ಡ್ ಆವೃತ್ತಿಗಳು ಬರುವುದು ಸ್ಯಾಮ್‌ಸಂಗ್, ಗೂಗಲ್‌ಗಳಷ್ಟು ಕಾಲವಲ್ಲ. ಹೆಚ್ಚುಕಡಿಮೆ ಒಂದೇ ಅಗಲ, ಎರಡು ದಿನದ ಹತ್ತಿರಕ್ಕೆ ಎಳೆಯುವ ಬ್ಯಾಟರಿ, ಬಿಡುಗಡೆಯ ಬೆಲೆಯಲ್ಲಿ 26 ಸಾವಿರ ಉಳಿತಾಯ. ಊರೂರು ಸುತ್ತುವ ಕೆಲಸದವರಿಗೆ ಎಸ್25ಕ್ಕಿಂತ ಇವೇ ಮೇಲು ಎಂಬುದು ನನ್ನ ಅಭಿಪ್ರಾಯ.

ಗೂಗಲ್ ಪಿಕ್ಸೆಲ್ ಬಗ್ಗೆ ಹೆಚ್ಚು ಹೇಳುವುದಿಲ್ಲ. ಫೋಟೊ ಚೆನ್ನ, ಏಳು ವರ್ಷದ ಅಪ್‌ಡೇಟ್ ಇದೆ, 6.3 ಇಂಚು. ಆದರೆ ಪಿಕ್ಸೆಲ್ 9ರ ತೂಕ 198 ಗ್ರಾಂ, ಪಿಕ್ಸೆಲ್ 10ರದು 204. ಕಾಗದದ ಮೇಲೆ ಎಸ್25ಕ್ಕೂ ಇದಕ್ಕೂ ಪರದೆಯಲ್ಲಿ 0.1 ಇಂಚಿನ ಅಂತರ. ಕೈಯಲ್ಲಿ ಹಿಡಿದರೆ 40 ಗ್ರಾಂನ ಅಂತರ. ಇಂಚು ನೋಡಿ ಕೊಳ್ಳಬೇಡಿ ಎಂದದ್ದು ಇದಕ್ಕೇ. 49,999ಕ್ಕೆ ಬಂದ 9ಎ ಸ್ವಲ್ಪ ಹಗುರ, ಆದರೆ ಅಗಲ 73.3ಕ್ಕೆ ಏರುತ್ತದೆ.

ಮಡಚುವ ಫೋನ್: ಜೇಬಿಗೆ ಚಿಕ್ಕದು, ಕೈಗೆ ದೊಡ್ಡದು

ಗ್ಯಾಲಕ್ಸಿ ಝಡ್ ಫ್ಲಿಪ್ 7 ಮಡಚಿದಾಗ 85.5 ಮಿ.ಮೀ. ಎತ್ತರ, ಅಂದರೆ ಎಟಿಎಂ ಕಾರ್ಡಿನ ಉದ್ದದಷ್ಟೇ. ಚೂಡಿದಾರಕ್ಕೆ ಇರುವ ಹೆಸರಿಗಷ್ಟೇ ಜೇಬಿನಲ್ಲಿ, ಚಿಕ್ಕ ಪರ್ಸಿನಲ್ಲಿ ಸಲೀಸಾಗಿ ಕೂರುತ್ತದೆ. ಜೇಬೇ ನಿಮ್ಮ ತೊಂದರೆಯಾಗಿದ್ದರೆ ಇದಕ್ಕಿಂತ ಒಳ್ಳೆಯ ಉತ್ತರವಿಲ್ಲ.

ಬಿಡಿಸಿದಾಗ ಮಾತ್ರ ಅದು 6.9 ಇಂಚಿನ, 75.2 ಮಿ.ಮೀ. ಅಗಲದ ಭರ್ತಿ ದೊಡ್ಡ ಫೋನ್. ಹೆಬ್ಬೆರಳು ತಲುಪದಿರುವುದೇ ನಿಮ್ಮ ತೊಂದರೆಯಾಗಿದ್ದರೆ ಈ ಫೋನ್ ಅದನ್ನು ಹೆಚ್ಚೇ ಮಾಡುತ್ತದೆ. ಹೊರಗಿನ 4.1 ಇಂಚಿನ ಪರದೆಯಲ್ಲಿ ಸಂದೇಶ ಓದುವುದು, ಹಾಡು ಬದಲಿಸುವುದು, ಕರೆ ಎತ್ತುವುದು ಆಗುತ್ತದೆ. ಅಷ್ಟಕ್ಕೇ ದಿನದ ಹೆಚ್ಚಿನ ಬಳಕೆ ಮುಗಿಯುವವರಿಗೆ ಇದು ಸೊಗಸು. ಇದರ ಐಪಿ48ರಲ್ಲಿ ಎಂಟು ಎಂಬುದು ನೀರಿಗೆ. ನಾಲ್ಕು ಎಂದರೆ ಒಂದು ಮಿಲಿಮೀಟರ್‌ಗಿಂತ ದೊಡ್ಡ ಕಣಗಳನ್ನಷ್ಟೇ ತಡೆಯುತ್ತದೆ ಎಂದರ್ಥ. ದಿನಾ ಮಣ್ಣುರಸ್ತೆಯಲ್ಲಿ ಬೈಕ್ ಓಡಿಸುವವರು ಎರಡು ಸಲ ಯೋಚಿಸಿ. ಒಳಪರದೆ ಕೆಟ್ಟರೆ ರಿಪೇರಿ ಖರ್ಚು ಕಣ್ಣು ಕತ್ತಲೆ ಬರಿಸುವಂಥದ್ದು, ಆದ್ದರಿಂದ ವಿಮೆಯನ್ನೂ ಬೆಲೆಗೆ ಸೇರಿಸಿಯೇ ಲೆಕ್ಕ ಹಾಕಿ. ಫ್ಲಿಪ್ 7ರ ಬಿಡುಗಡೆಯ ಬೆಲೆ 1,09,999. ಅಷ್ಟು ಕೊಡಲಾಗದವರಿಗೆ 49,999ಕ್ಕೆ ಬಂದ ಮೋಟೊರೋಲಾ ರೇಝರ್ 60 ಇದೆ, ಹೊರಪರದೆ 3.6 ಇಂಚು.

ಇದೇ ಹೊತ್ತಿನಲ್ಲಿ ಬಂದಿರುವ ತೆಳು ಫೋನ್‌ಗಳನ್ನು ಕಂಡು ಮೋಸಹೋಗಬೇಡಿ. ಐಫೋನ್ ಏರ್ 5.6 ಮಿ.ಮೀ. ದಪ್ಪ, 165 ಗ್ರಾಂ, ಹಿಡಿದರೆ ಹಿತವಾಗಿಯೇ ಇರುತ್ತದೆ. ಅಗಲ 74.7. ದೊಡ್ಡದಾಯಿತು ಎಂದು ದೂರಿದವರಿಗೆ ಕಂಪನಿಗಳು ತೆಳುವಾದದ್ದನ್ನು ಕೊಟ್ಟು ಸುಮ್ಮನಾಗಿಸುತ್ತಿವೆ.

ಹಳೆಯ ಮಿನಿಯನ್ನೇ ಹುಡುಕುವುದು

ಇದನ್ನು ಹುಚ್ಚು ಎನ್ನುವವರಿದ್ದಾರೆ, ನಾನು ಹಾಗೆನ್ನುವುದಿಲ್ಲ. 13 ಮಿನಿಯ ಎ15 ಚಿಪ್ ದಿನನಿತ್ಯದ ಕೆಲಸಕ್ಕೆ ಇವತ್ತಿಗೂ ಸಾಲುತ್ತದೆ, 5ಜಿ ಇದೆ, ಐಒಎಸ್ 26 ಕೂಡ ಅದಕ್ಕೆ ಬಂದಿದೆ. ಸೆಕೆಂಡ್ ಹ್ಯಾಂಡ್ ಬೆಲೆ ಹೊಸ ಐಫೋನಿನ ಅರ್ಧಕ್ಕೂ ಕೆಳಗೆ. 12 ಮಿನಿಯ ತಂಟೆಗೆ ಹೋಗಬೇಡಿ: ಬ್ಯಾಟರಿ ಇನ್ನೂ ಚಿಕ್ಕದು, ಶುರುವಿನ ಮಾದರಿಯಲ್ಲಿ 64 ಜಿಬಿ ಮಾತ್ರ.

ಬೆಂಗಳೂರಿನ ಎಸ್.ಪಿ. ರಸ್ತೆಯಲ್ಲಾಗಲಿ ಆನ್‌ಲೈನಿನಲ್ಲಾಗಲಿ ಕೊಳ್ಳುವ ಮುನ್ನ ಕೆಲವನ್ನು ಖುದ್ದು ನೋಡಿ. ಸೆಟ್ಟಿಂಗ್ಸ್‌ನಲ್ಲಿ ಬ್ಯಾಟರಿ ಹೆಲ್ತ್ ಎಷ್ಟಿದೆ? ‘ಅಬೌಟ್’ ಒಳಗೆ ಬಿಡಿಭಾಗಗಳ ಇತಿಹಾಸ ತೋರಿಸುತ್ತಿದ್ದರೆ ಪರದೆ ಅಥವಾ ಬ್ಯಾಟರಿ ಬದಲಾಗಿದೆ ಎಂದರ್ಥ. ಅಸಲಿಯೋ ನಕಲಿಯೋ ಎಂಬ ಸುಳಿವು ಅಲ್ಲೇ ಸಿಗುತ್ತದೆ. ಹಿಂದಿನವರು ತಮ್ಮ ಆಪಲ್ ಖಾತೆಯಿಂದ ಹೊರಬಂದು, ನಿಮ್ಮೆದುರೇ ಫೋನನ್ನು ಪೂರ್ತಿ ಅಳಿಸಿ ಕೊಡಬೇಕು. *#06# ಒತ್ತಿದಾಗ ಬರುವ ಐಎಂಇಐ ಸಂಖ್ಯೆಯನ್ನು (ಫೋನಿನ ಗುರುತಿನ ಸಂಖ್ಯೆ) ಸರ್ಕಾರದ ಸಂಚಾರ್ ಸಾಥಿ ಜಾಲತಾಣದಲ್ಲಿ ಹಾಕಿ ನೋಡಿದರೆ ಕದ್ದ ಮಾಲು ಎಂದು ಕಪ್ಪುಪಟ್ಟಿ ಸೇರಿದೆಯೋ ಇಲ್ಲವೋ ತಿಳಿಯುತ್ತದೆ. ಆಮೇಲೆ ಅಧಿಕೃತ ಸರ್ವಿಸ್ ಸೆಂಟರ್‌ನಲ್ಲಿ ಹೊಸ ಬ್ಯಾಟರಿ ಹಾಕಿಸಿ, ಆ ಖರ್ಚನ್ನು ಮೊದಲೇ ಬೆಲೆಗೆ ಸೇರಿಸಿಕೊಂಡು ಚೌಕಾಸಿ ಮಾಡಿ. ಮಾರಾಟ ನಿಲ್ಲಿಸಿದ ಮೇಲೂ ಕನಿಷ್ಠ ಐದು ವರ್ಷ ಬಿಡಿಭಾಗ ಕೊಡುವುದು ಆಪಲ್‌ನ ನಿಯಮ. 13 ಮಿನಿಯ ಲೆಕ್ಕದಲ್ಲಿ ಅದು 2028ರ ಸೆಪ್ಟೆಂಬರ್‌ವರೆಗೆ. ಎರಡು ವರ್ಷದ ಫೋನ್ ಎಂದುಕೊಂಡು ತಗೊಳ್ಳಿ, ಐದು ವರ್ಷದ್ದೆಂದು ಬೇಡ. ಈಗಾಗಲೇ ನಿಮ್ಮ ಕೈಯಲ್ಲಿ ಮಿನಿ ಇದ್ದು ಬ್ಯಾಟರಿಯೊಂದೇ ತಕರಾರಾದರೆ, ಮೇಲಿನ ಯಾವ ಫೋನಿಗಿಂತಲೂ ಆ ಬ್ಯಾಟರಿಯೇ ಅಗ್ಗ.

30 ಸಾವಿರದೊಳಗೆ ಹೊಸ ಫೋನೇ ಬೇಕು ಎನ್ನುವವರಿಗೆ ಒಳ್ಳೆಯ ಸುದ್ದಿಯಿಲ್ಲ. ಆ ಬೆಲೆಯಲ್ಲಿ ಬರುವವು ಹೆಚ್ಚುಕಡಿಮೆ ಎಲ್ಲವೂ 6.6 ಇಂಚು ದಾಟಿದವು. ಅಲ್ಲಿ ಗಾತ್ರದ ಆಸೆ ಬಿಟ್ಟು, ಇರುವ ಫೋನನ್ನು ಪಳಗಿಸಿಕೊಳ್ಳುವುದೇ ದಾರಿ. ಆಂಡ್ರಾಯ್ಡ್‌ನ ಒಂದು ಕೈ ಮೋಡ್, ಐಫೋನಿನ ರೀಚೆಬಿಲಿಟಿ, ಎರಡೂ ಪರದೆಯ ಮೇಲ್ಭಾಗವನ್ನು ಕೆಳಕ್ಕೆ ಎಳೆದು ತರುತ್ತವೆ. ಜಿಬೋರ್ಡ್‌ನಲ್ಲಿ ಕೀಲಿಮಣೆಯನ್ನು ಒಂದು ಬದಿಗೆ ಕುಗ್ಗಿಸಬಹುದು. ಬ್ರೌಸರಿನ ವಿಳಾಸಪಟ್ಟಿಯನ್ನು ಕೆಳಕ್ಕೆ ಇಳಿಸಿಕೊಳ್ಳಿ. ಬಸ್ಸಿನಲ್ಲಿ ಒಂದು ಕೈಯಲ್ಲಿ ಕಂಬಿ ಹಿಡಿದು ನಿಂತವರಿಗೆ ಫೋನಿನ ಬೆನ್ನಿಗಂಟಿಸುವ ಬೆರಳುಂಗುರ ಈ ಎಲ್ಲಕ್ಕಿಂತ ಹೆಚ್ಚು ಸಹಾಯ ಮಾಡುತ್ತದೆ.

ಅಂಗಡಿಗೆ ಹೋಗುವ ಮುನ್ನ ಒಂದು ಕೆಲಸ ಮಾಡಿ. ಡೆಮೊ ಫೋನ್‌ಗಳ ಬೆನ್ನಿಗೆ ಸಾಮಾನ್ಯವಾಗಿ ಅಲಾರಂ ವೈರ್ ಅಂಟಿಸಿರುತ್ತಾರೆ, ಹಿಡಿತವೂ ತೂಕವೂ ಸರಿಯಾಗಿ ತಿಳಿಯುವುದಿಲ್ಲ. ಮನೆಯಲ್ಲೇ ರಟ್ಟಿನಲ್ಲಿ 147×70.5 ಮಿ.ಮೀ. ಒಂದು, 151×72 ಮಿ.ಮೀ. ಒಂದು ತುಂಡು ಕತ್ತರಿಸಿ, ಎರಡಕ್ಕೂ ಎಲ್ಲ ಬದಿಗೆ ಒಂದೂವರೆ ಮಿ.ಮೀ. ಸೇರಿಸಿ, ಏಕೆಂದರೆ ಕವರ್ ಹಾಕದೆ ಫೋನ್ ಬಳಸುವವರು ನಮ್ಮಲ್ಲಿ ಕಡಿಮೆ. ನೀವು ಫೋನ್ ಹಿಡಿಯುವ ಕೈಯಲ್ಲೇ ಹಿಡಿದು, ಹಿಡಿತ ಬದಲಿಸದೆ ಹೆಬ್ಬೆರಳನ್ನು ಎದುರು ಅಂಚಿಗೆ ಚಾಚಿ. ಮೊದಲನೆಯದಕ್ಕೆ ಮಾತ್ರ ಬೆರಳು ತಲುಪಿದರೆ ಎಸ್25. ಎರಡಕ್ಕೂ ತಲುಪಿದರೆ ಒನ್‌ಪ್ಲಸ್, ವಿವೋ, ಐಫೋನ್ 17 ಎಲ್ಲವೂ ನಿಮಗೆ ತೆರೆದಿವೆ, ಬೆಲೆ ಮತ್ತು ಬ್ಯಾಟರಿ ನೋಡಿ ಆರಿಸಿಕೊಳ್ಳಿ. ಎರಡಕ್ಕೂ ತಲುಪದಿದ್ದರೆ ಹಳೆಯ ಮಿನಿ, ಇಲ್ಲವೇ ಎರಡೂ ಕೈ.